ಒಂದು ಬೈಟಿನ ವೇಗ, ಎಂಟು ಕೋಟಿ ಚುಕ್ಕೆ

ಕಾರಿನ ವೇಗವನ್ನು ಬರೆದಿಡಲು ಎಷ್ಟು ಜಾಗ ಬೇಕು? ಒಂದೇ ಒಂದು ಬೈಟ್. ಸೊನ್ನೆಯಿಂದ 255ರ ತನಕದ ಯಾವುದೋ ಒಂದು ಸಂಖ್ಯೆ, ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಹೇಳಿ ಮುಗಿಸುತ್ತದೆ. ಸ್ಟೇರಿಂಗ್ ಕೆಳಗೆ, ಗ್ಯಾರೇಜಿನವರು ಬಗ್ಗಿ ಸ್ಕ್ಯಾನರ್ ಚುಚ್ಚುವ ಜಾಗದಲ್ಲಿ, 16 ಪಿನ್ನಿನ ಒಂದು ಸಾಕೆಟ್ ಇರುತ್ತದಲ್ಲ, ಅದೇ ಒಬಿಡಿ ಪೋರ್ಟ್. ಅಮೆರಿಕದಲ್ಲಿ 1996ರಿಂದ, ನಮ್ಮಲ್ಲಿ ಅದರ ಎರಡನೆಯ ಹಂತ 2013ರಿಂದ ಕಡ್ಡಾಯ. ಪೆಟ್ರೋಲಿನದಾಗಲಿ, ಡೀಸೆಲಿನದಾಗಲಿ, ಅಲ್ಲಿ ವೇಗ ಕೇಳಿದರೆ ಉತ್ತರ ಬರುವುದು ಒಂದು ಬೈಟಿನಲ್ಲೇ. 2019ರಲ್ಲಿ ಗಂಟೆಗೆ 490 ಕಿಲೋಮೀಟರ್ ಮುಟ್ಟಿದ ಬುಗಾಟಿ ಶಿರಾನ್‌ಗಾಗಲಿ, 1997ರಲ್ಲಿ ಮರುಭೂಮಿಯಲ್ಲಿ ಶಬ್ದದ ವೇಗವನ್ನೇ ಮೀರಿ 1,228ಕ್ಕೆ ಹೋದ ಥ್ರಸ್ಟ್ ಎಸ್‌ಎಸ್‌ಸಿಗಾಗಲಿ ಈ ಬೈಟ್ ಸಾಲುತ್ತಿರಲಿಲ್ಲ. ನಮಗೆ ಧಾರಾಳವಾಯಿತು.

ಈಗ ಈ ಬೈಟನ್ನು ತೋರಿಸುವ ಕಡೆಗೆ ಬನ್ನಿ. ಮನೆಯಲ್ಲೇ ಡಿಜಿಟಲ್ ಮೀಟರ್ ಬೋರ್ಡ್ ಕಟ್ಟಿಕೊಳ್ಳುವ ಹುಡುಗರು ಆಸೆಪಡುವುದು 12.3 ಇಂಚಿನ ಉದ್ದನೆಯ ಪರದೆಗೆ. ಅಡ್ಡಕ್ಕೆ 1,920 ಚುಕ್ಕೆ, ಉದ್ದಕ್ಕೆ 720. ಗುಣಿಸಿದರೆ 13,82,400. ಮುಳ್ಳು ತಡವರಿಸದೆ ನುಣ್ಣಗೆ ತಿರುಗಬೇಕಾದರೆ ಇಡೀ ಪರದೆಯನ್ನು ಸೆಕೆಂಡಿಗೆ 60 ಸಲ ಹೊಸದಾಗಿ ಬರೆಯಬೇಕು. ಅಂದರೆ ಸೆಕೆಂಡಿಗೆ 8 ಕೋಟಿ 29 ಲಕ್ಷ ಚುಕ್ಕೆ. ಒಂದೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್. ಒಟ್ಟು 24 ಕೋಟಿ 88 ಲಕ್ಷ ಬೈಟ್. ಪ್ರತಿ ಸೆಕೆಂಡಿಗೆ. ಒಳಗೆ ಬಂದದ್ದು ಒಂದು ಬೈಟ್, ಹೊರಗೆ ಹೋಗುವುದು ಇಪ್ಪತ್ತೈದು ಕೋಟಿ.

ಈ ಕೆಲಸ ಹೊರುವ ಯಂತ್ರ 85 ಮಿಲಿಮೀಟರ್ ಉದ್ದ, 56 ಮಿಲಿಮೀಟರ್ ಅಗಲದ ಒಂದು ಹಲಗೆ. ರಾಸ್ಪ್‌ಬೆರಿ ಪೈ. ತೂಕ ಐವತ್ತು ಗ್ರಾಮಿಗಿಂತ ಕಡಿಮೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಬೆನ್ ಅಪ್ಟನ್ ಮತ್ತು ಗೆಳೆಯರು ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಎಂದು ಹುಟ್ಟುಹಾಕಿದ್ದು. 2012ರ ಫೆಬ್ರುವರಿ 29ರಂದು 35 ಡಾಲರಿಗೆ ಮಾರಾಟಕ್ಕೆ ಬಂತು. ಕೆಲವು ಸಾವಿರ ಹೋದರೆ ಸಾಕು ಎಂದುಕೊಂಡಿದ್ದವರು 2024ರ ಹೊತ್ತಿಗೆ ಆರು ಕೋಟಿಗೂ ಹೆಚ್ಚು ಮಾರಿದ್ದರು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇದು ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಅಲ್ಲಿಂದ ನಡೆದೇ ಹೋಗಬಹುದಾದ ಜೆ.ಸಿ. ರಸ್ತೆಯಲ್ಲಿ ಕಾರಿನ ಸೀಟ್ ಕವರಿನಿಂದ ಹಿಡಿದು ಹಾರನ್ನಿನವರೆಗೆ ಬೇಕಾದ್ದೆಲ್ಲ ಇದೆ. ಈ ಹವ್ಯಾಸದ ಸಾಮಾನೆಲ್ಲ ಆ ಎರಡು ರಸ್ತೆಗಳಲ್ಲೇ ಮುಗಿಯುತ್ತದೆ ಎನ್ನಬಹುದು.

ಕಾರಿನೊಳಗೆ ಮಾತು ನಡೆಯುವುದು ಹೊಸೆದುಕೊಂಡ ಎರಡು ವೈರುಗಳ ಮೇಲೆ. ಅದಕ್ಕೆ ಕ್ಯಾನ್ ಎಂದು ಹೆಸರು. ಜರ್ಮನಿಯ ಬಾಷ್ ಕಂಪನಿ 1983ರಲ್ಲಿ ಕೆಲಸ ಶುರುಮಾಡಿ 1986ರಲ್ಲಿ ಹೊರಗೆ ತಂದದ್ದು. (ಬೆಂಗಳೂರಿನವರು ತಲೆಮಾರುಗಳಿಂದ ಮೈಕೊ ಎಂದು ಕರೆದ ಆಡುಗೋಡಿಯ ಕಾರ್ಖಾನೆ ಇದೇ ಬಾಷ್‌ನದಾಗಿತ್ತು, ಕಂಪನಿಯ ಹೆಸರು ಬದಲಾದದ್ದು 2008ರಲ್ಲಿ.) ಎಂಜಿನ್, ಬ್ರೇಕ್, ಏರ್‌ಬ್ಯಾಗ್ ಎಲ್ಲದರ ಪುಟ್ಟ ಕಂಪ್ಯೂಟರುಗಳೂ ಅದೇ ಎರಡು ವೈರಿಗೆ ಕಟ್ಟಿಕೊಂಡಿರುತ್ತವೆ. ಯಾರು ಮಾತಾಡಿದರೂ ಎಲ್ಲರಿಗೂ ಕೇಳುತ್ತದೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ? ಅರಳಿಕಟ್ಟೆಯ ಪಂಚಾಯಿತಿಯಲ್ಲಿ ಹಿರಿಯರು ಮಾತು ತೆಗೆದೊಡನೆ ಕಿರಿಯರು ತಾವಾಗಿಯೇ ಸುಮ್ಮನಾಗುವಂತೆ, ಇಲ್ಲಿ ದೊಡ್ಡ ನಂಬರಿನ ಸಂದೇಶ ನಿಂತು ಸಣ್ಣ ನಂಬರಿನದಕ್ಕೆ ದಾರಿ ಬಿಡುತ್ತದೆ. ಗೆದ್ದ ಸಂದೇಶದ ಒಂದು ಬಿಟ್ಟೂ ಹಾಳಾಗುವುದಿಲ್ಲ. ನನಗೆ ಕಾರಿನ ಒಳಗಿನ ಎಲೆಕ್ಟ್ರಾನಿಕ್ಸಿನಲ್ಲಿ ಎಲ್ಲಕ್ಕಿಂತ ಸುಂದರವಾಗಿ ಕಾಣುವುದು ಈ ಏರ್ಪಾಡು.

ಒಂದು ಸಂದೇಶದಲ್ಲಿ ಹೆಚ್ಚೆಂದರೆ 8 ಬೈಟ್ ಸರಕು. ನಂಬರು, ತಪ್ಪು ಹಿಡಿಯುವ ಲೆಕ್ಕ, ಮಧ್ಯದ ಬಿಡುವು ಎಲ್ಲ ಸೇರಿ ಕನಿಷ್ಠ 111 ಬಿಟ್. ಹೆಚ್ಚಿನ ಕಾರುಗಳಲ್ಲಿ ಸೆಕೆಂಡಿಗೆ 5 ಲಕ್ಷ ಬಿಟ್ ಹರಿಯುತ್ತವೆ. ಹಾಗಾಗಿ ಸೆಕೆಂಡಿಗೆ ಸುಮಾರು 4,500 ಸಂದೇಶವೇ ಮೇಲ್ಮಿತಿ. ಎಂಜಿನ್ ಎಷ್ಟು ಸುತ್ತುತ್ತಿದೆ ಎಂದು ಕೇಳಿದಿರಿ ಎನ್ನಿ. 46 ಮತ್ತು 224 ಎಂಬ ಎರಡು ಬೈಟ್ ಬರುತ್ತವೆ. ಮೊದಲನೆಯದನ್ನು 256ರಿಂದ ಗುಣಿಸಿ, ಎರಡನೆಯದನ್ನು ಕೂಡಿಸಿ, ನಾಲ್ಕರಿಂದ ಭಾಗಿಸಿ: ಸರಿಯಾಗಿ 3,000. ನೀರಿನ ಬಿಸಿ ಕೇಳಿದರೆ 130 ಎಂದು ಬರುತ್ತದೆ. ಅದರಲ್ಲಿ 40 ಕಳೆದರೆ 90 ಡಿಗ್ರಿ. ಸೊನ್ನೆಯಿಂದ 255ರ ತನಕ ಎಣಿಸುವ ಈ ಬೈಟಿನಲ್ಲಿ ಮೈನಸ್ ಇಲ್ಲವಲ್ಲ, ಮಂಜು ಬೀಳುವ ದೇಶಗಳಿಗಾಗಿ ಕೆಳಗೆ 40 ಡಿಗ್ರಿ ಕಾಯ್ದಿರಿಸಿ ಉಳಿದದ್ದನ್ನು ಮೇಲಕ್ಕೆ ಹಂಚಿದ್ದಾರೆ. ನಾಲ್ಕನೆಯ ತರಗತಿಯ ಲೆಕ್ಕ. ಅದರಾಚೆಗೆ ಇದರಲ್ಲಿ ಗಣಿತವಿಲ್ಲ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 118 ಕಿಲೋಮೀಟರ್. ಒಂದೂವರೆ ಗಂಟೆ ಹಿಡಿಯಿರಿ. ಸೆಕೆಂಡಿಗೆ ಎರಡು ಸಾವಿರದಂತೆ, ಅಂದರೆ ಸಾಲು ಅರ್ಧ ಕೂಡ ತುಂಬದಂತೆ ಮಾತು ನಡೆದರೂ ಮೈಸೂರು ಬರುವಷ್ಟರಲ್ಲಿ ನಿಮ್ಮ ಕಾಲಡಿಯ ಆ ಎರಡು ವೈರಿನ ಮೇಲೆ ಒಂದು ಕೋಟಿ ಎಂಟು ಲಕ್ಷ ಸಂದೇಶ ಓಡಾಡಿರುತ್ತವೆ. ಹಿಂದಿನ ಸೀಟಿನಲ್ಲಿ ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಸರಕು ಲೆಕ್ಕ ಹಾಕಿದರೆ 8 ಕೋಟಿ 64 ಲಕ್ಷ ಬೈಟ್. ಮೊಬೈಲಿನಲ್ಲಿ ತೆಗೆದ ಒಂದು ಸಣ್ಣ ವಿಡಿಯೊದಷ್ಟು. ಅದೇ ಒಂದೂವರೆ ಗಂಟೆಯಲ್ಲಿ ಪರದೆಗೆ ಹೋದದ್ದು 1 ಲಕ್ಷ 34 ಸಾವಿರ ಕೋಟಿ ಬೈಟ್. ಕೇಳಿಸಿಕೊಂಡ ಒಂದು ಬೈಟಿಗೆ ತೋರಿಸಿದ್ದು ಹದಿನೈದು ಸಾವಿರ. ಅದೂ ಕಾರು ಆಡಿದ್ದನ್ನೆಲ್ಲ ಕೇಳಿಸಿಕೊಂಡರೆ. ಹೊಸ ಕಾರುಗಳಲ್ಲಿ ಒಬಿಡಿ ಪೋರ್ಟಿಗೂ ಒಳಗಿನ ಮಾತುಕತೆಗೂ ನಡುವೆ ಗೇಟ್‌ವೇ ಎಂಬ ಕಾವಲುಗಾರ ಕೂತಿರುತ್ತಾನೆ. ಕೇಳಿದ್ದಕ್ಕಷ್ಟೇ ಉತ್ತರ, ಉಳಿದದ್ದು ಹೊರಗೆ ಬರುವುದಿಲ್ಲ.

ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿದ್ದೀರಿ ಎಂದುಕೊಂಡು ಪೈ, ಕ್ಯಾನ್, ಪರದೆಗಳು ತೆಗೆದುಕೊಳ್ಳುವ ಕಾಲಗಳನ್ನು ರಸ್ತೆಯ ಮೇಲೆ ಅಳೆದು ನೋಡಬೇಕು. ಆಗಲೇ ಅವುಗಳ ನಡುವಿನ ನಿಜವಾದ ಅಂತರ ಗೊತ್ತಾಗುವುದು. ನಾಲ್ಕನೆಯ ಪೀಳಿಗೆಯ ಪೈ ಒಳಗೆ ನಾಲ್ಕು ಕೋರ್, ಒಂದೊಂದೂ ಸೆಕೆಂಡಿಗೆ 150 ಕೋಟಿ ಸಲ ಮಿಡಿಯುತ್ತದೆ. ಅಂಥ ಒಂದು ಮಿಡಿತದಲ್ಲಿ ಬೆಳಕೇ ಓಡುವುದು 20 ಸೆಂಟಿಮೀಟರ್. ಸ್ಟೇರಿಂಗಿನ ಈ ಅಂಚಿನಿಂದ ಆ ಅಂಚನ್ನು ಮುಟ್ಟುವುದಿಲ್ಲ. ಕ್ಯಾನ್ ವೈರಿನ ಮೇಲೆ ಒಂದು ಬಿಟ್ ಇರುವುದು ಸೆಕೆಂಡಿನ ಐದು ಲಕ್ಷದಲ್ಲಿ ಒಂದು ಪಾಲು. ಅಷ್ಟರಲ್ಲಿ ಕಾರು ಸರಿಯುವುದು ಒಂದು ಮಿಲಿಮೀಟರಿನ ಹದಿನೆಂಟನೆಯ ಒಂದು ಭಾಗ, ಪ್ರೊಸೆಸರಿನ ಒಂದು ಕೋರ್ ಮಿಡಿಯುವುದು 3,000 ಸಲ. ಪೂರ್ತಿ ಒಂದು ಸಂದೇಶ ಮುಗಿಯುವಷ್ಟರಲ್ಲಿ ಆರು ಮಿಲಿಮೀಟರ್. ಎಂಜಿನ್ 3,000 ಸುತ್ತಿನಲ್ಲಿದ್ದರೆ, ನಾಲ್ಕು ಸಿಲಿಂಡರಿನಲ್ಲಿ ಒಂದು ಕಿಡಿಯಿಂದ ಮುಂದಿನ ಕಿಡಿಗೆ 28 ಸೆಂಟಿಮೀಟರ್. ಪರದೆ ಒಂದು ಸಲ ಬದಲಾಗುವಷ್ಟರಲ್ಲಿ 46 ಸೆಂಟಿಮೀಟರ್. ಚಾಲಕ ಎರಡು ಸೆಕೆಂಡ್ ಕಣ್ಣು ಕೆಳಗಿಳಿಸಿ ಮೀಟರ್ ನೋಡಿದರೆ 55 ಮೀಟರ್. ಆ ಎರಡು ಸೆಕೆಂಡಿನಲ್ಲಿ ಪರದೆ 120 ಸಲ ತನ್ನನ್ನು ತಿದ್ದಿ ಬರೆದಿರುತ್ತದೆ. ಓದಿದ ಮನುಷ್ಯನ ತಲೆಗೆ ಹೋದದ್ದು ಒಂದೇ ಸಂಖ್ಯೆ.

ಇನ್ನು ಬೂಟ್ ಆಗುವ ಸಮಯ. ಏನೂ ಕತ್ತರಿಸದೆ ಹಾಕಿದ ಲಿನಕ್ಸ್, ಕೀ ತಿರುಗಿಸಿದ ಮೇಲೆ ಪರದೆಗೆ ಬರಲು ಇಪ್ಪತ್ತೈದು ಸೆಕೆಂಡ್ ತೆಗೆದುಕೊಂಡರೆ, ಊರೊಳಗೆ 40ರ ವೇಗದಲ್ಲಿ ಹೊರಟರೂ ಇನ್ನೂರೈವತ್ತು ಮೀಟರಿಗಿಂತ ಹೆಚ್ಚು ದೂರ ಮೀಟರಿಲ್ಲದೆ ಸಾಗಿರುತ್ತೀರಿ. ಬೇಡದ ಸೇವೆಗಳನ್ನೆಲ್ಲ ಕಿತ್ತುಹಾಕಿ ಇದನ್ನು ಕೆಲವೇ ಸೆಕೆಂಡಿಗೆ ಇಳಿಸಲು ಹವ್ಯಾಸಿಗಳು ಪಡುವ ಪಾಡು, ಮುಳ್ಳು ಬಿಡಿಸಲು ಪಡುವ ಪಾಡಿಗಿಂತ ಹೆಚ್ಚು. ತಮಾಷೆಯೆಂದರೆ ಮೀಟರಿನ ಪ್ರೋಗ್ರಾಮು ಪೈಥಾನಿನಲ್ಲಿ ನೂರಿನ್ನೂರು ಸಾಲಿನಲ್ಲಿ ಮುಗಿಯಬಹುದು. ಅದರ ಅಡಿಯಲ್ಲಿರುವ ಲಿನಕ್ಸ್ ಕರ್ನಲ್ 1994ರ ಮೊದಲ ಪೂರ್ಣ ಆವೃತ್ತಿಯಲ್ಲಿ 1,76,250 ಸಾಲು ಇತ್ತು; 2025ರ ಆರಂಭಕ್ಕೆ ನಾಲ್ಕು ಕೋಟಿ ದಾಟಿತು. ಪುಟಕ್ಕೆ 50 ಸಾಲಿನಂತೆ ಅಚ್ಚುಹಾಕಿ 400 ಪುಟಕ್ಕೊಂದು ಪುಸ್ತಕ ಕಟ್ಟಿದರೆ ಎರಡು ಸಾವಿರ ಸಂಪುಟ. ಎಲ್ಲವೂ ನಮ್ಮ ಹಲಗೆಯೊಳಗೆ ಇಳಿಯುವುದಿಲ್ಲ, ಬಹುಪಾಲು ಬೇರೆ ಬೇರೆ ಯಂತ್ರಗಳಿಗೆ ಬೇಕಾದ ಡ್ರೈವರುಗಳು. ಆದರೆ ಕ್ಯಾನ್ ಮಾತನ್ನು ಅರ್ಥಮಾಡಿಕೊಳ್ಳುವ ಭಾಗ ಅದರಲ್ಲೇ ಇದೆ, ಬಿಟ್ಟಿಯಾಗಿ. ಅದನ್ನು ಬರೆದು ಕೊಟ್ಟದ್ದು ಫೋಕ್ಸ್‌ವ್ಯಾಗನ್ ಕಂಪನಿಯ ಸಂಶೋಧನಾ ವಿಭಾಗ. ಕರ್ನಲ್ ಸೇರಿದ್ದು 2008ರಲ್ಲಿ.

ಇಷ್ಟೆಲ್ಲ ಕೋಟಿಗಳನ್ನು ಲೀಲಾಜಾಲವಾಗಿ ನುಂಗುವ ಹಲಗೆ ಸೋಲುವುದು ಒಂದಂಕಿಯ ಸಂಖ್ಯೆಗೆ. ಅದಕ್ಕೆ ಬೇಕಾದ್ದು 5 ವೋಲ್ಟ್, 4.63ಕ್ಕಿಂತ ಕೆಳಗಿಳಿದರೆ ಪರದೆಯ ಮೂಲೆಯಲ್ಲಿ ಎಚ್ಚರಿಕೆ ಮೂಡುತ್ತದೆ. ಕಾರಿನ ಬ್ಯಾಟರಿ 12 ವೋಲ್ಟ್ ಎನ್ನುತ್ತೇವೆ, ಆದರೆ ಸೆಲ್ಫ್ ಹೊಡೆದಾಗ ಅದು ಒಂಬತ್ತಕ್ಕಿಂತಲೂ ಕೆಳಗೆ ಕುಸಿಯಬಹುದು, ಎಂಜಿನ್ ಓಡುವಾಗ ಹದಿನಾಲ್ಕರ ಆಸುಪಾಸಿನಲ್ಲಿರುತ್ತದೆ. ಚಾರ್ಜ್ ಆಗುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಸಡಿಲಾಗಿ ಬಿಟ್ಟುಕೊಂಡಿತೋ, ಆಲ್ಟರ್ನೇಟರ್ ಎಸೆಯುವ ಹೊಡೆತವೇ ಬೇರೆ. ಕಾರಿನ ಎಲೆಕ್ಟ್ರಾನಿಕ್ಸನ್ನು ಪರೀಕ್ಷಿಸುವ ಅಂತರರಾಷ್ಟ್ರೀಯ ಮಾನದಂಡ ಅದನ್ನು 79ರಿಂದ 101 ವೋಲ್ಟ್ ಎಂದು ಹಿಡಿಯುತ್ತದೆ. ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲಿನಿಂದ ಹತ್ತರಲ್ಲಿ ನಾಲ್ಕು ಪಾಲಿನವರೆಗೆ. ಅಷ್ಟರಲ್ಲಿ ಪೈ ಕೋಟಿಗಟ್ಟಲೆ ಸಲ ಮಿಡಿದು ಸತ್ತಿರುತ್ತದೆ. ಸಿಗರೇಟ್ ಲೈಟರಿಗೆ ಚುಚ್ಚುವ ಅಗ್ಗದ ಚಾರ್ಜರಿನಿಂದ ಕರೆಂಟ್ ಕೊಡುವವರು ಇದನ್ನು ಒಮ್ಮೆ ಯೋಚಿಸಬೇಕು. ಮರೆತು ಆನ್ ಮಾಡಿಟ್ಟರೆ ಇನ್ನೊಂದು ತರಹದ ಪೀಕಲಾಟ: ಸುಮ್ಮನಿರುವ ಹಲಗೆ ಮೂರು ವಾಟ್ ತಿಂದರೂ 45 ಆಂಪಿಯರ್-ಗಂಟೆಯ ಬ್ಯಾಟರಿ ಏಳೂವರೆ ದಿನದಲ್ಲಿ ಪೂರ್ತಿ ಬರಿದು. ಸೆಲ್ಫ್ ತೆಗೆದುಕೊಳ್ಳದಂತಾಗಲು ಅಷ್ಟು ದಿನವೂ ಬೇಡ. ಹಬ್ಬಕ್ಕೆ ಊರಿಗೆ ಹೋಗಿ ಬಂದವರು ತಳ್ಳಲು ಜನ ಹುಡುಕಬೇಕಾಗುತ್ತದೆ.

ಬಿಸಿಲಿನ ಲೆಕ್ಕವೂ ಇದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಅಮೆರಿಕದ ಅರಿಜೋನಾದಲ್ಲಿ ಸಂಶೋಧಕರು ಬಿಸಿಲಿನಲ್ಲಿ ಒಂದು ಗಂಟೆ ನಿಲ್ಲಿಸಿದ ಕಾರುಗಳನ್ನು ಅಳೆದಾಗ ಡ್ಯಾಶ್‌ಬೋರ್ಡಿನ ಸರಾಸರಿ 69 ಡಿಗ್ರಿ ಸೆಲ್ಸಿಯಸ್ ಇತ್ತು. ಪೈ ತನ್ನ ಚಿಪ್ 80 ಮುಟ್ಟಿದರೆ ವೇಗ ತಗ್ಗಿಸಿಕೊಳ್ಳಲು ಶುರುಮಾಡುತ್ತದೆ. ಉಳಿದ ಅಂತರ 11 ಡಿಗ್ರಿ, ಕೆಲಸ ಆರಂಭಿಸುವ ಮೊದಲೇ. ರಾಯಚೂರು, ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೆಲ್ಲದರ ಎದುರಿಗೆ ಅಂಬಾಸಿಡರ್ ಕಾರಿನ ಮೀಟರನ್ನು ಇಟ್ಟು ನೋಡಿ. ಅದರ ತತ್ವಕ್ಕೆ ಜರ್ಮನಿಯ ಒಟ್ಟೊ ಶುಲ್ಜೆ ಪೇಟೆಂಟ್ ತೆಗೆದದ್ದು 1902ರಲ್ಲಿ. ಗೇರ್‌ಬಾಕ್ಸಿನಿಂದ ಬಂದ ಕೇಬಲ್ ಒಂದು ಅಯಸ್ಕಾಂತವನ್ನು ಸುತ್ತಿಸುತ್ತದೆ. ಅದರ ಸುತ್ತ, ಅದಕ್ಕೆ ತಾಗದಂತೆ, ಒಂದು ಅಲ್ಯೂಮಿನಿಯಂ ಬಟ್ಟಲು. ಸುತ್ತುವ ಅಯಸ್ಕಾಂತ ಬಟ್ಟಲಲ್ಲಿ ವಿದ್ಯುತ್ ಸುಳಿಗಳನ್ನು ಎಬ್ಬಿಸಿ ಅದನ್ನು ತನ್ನ ಜೊತೆಗೆ ಎಳೆಯುತ್ತದೆ. ಕೂದಲಂಥ ಸ್ಪ್ರಿಂಗ್ ಹಿಂದಕ್ಕೆ ಜಗ್ಗುತ್ತದೆ. ಎರಡೂ ಸಮನಾದ ಕಡೆ ಮುಳ್ಳು ನಿಲ್ಲುತ್ತದೆ. ಬೈಟ್ ಸೊನ್ನೆ, ಚುಕ್ಕೆ ಸೊನ್ನೆ, ಸಾಲು ಸೊನ್ನೆ, ಬೂಟ್ ಆಗಲು ಸೊನ್ನೆ ಸೆಕೆಂಡ್. ಬ್ಯಾಟರಿಯೇ ಇಲ್ಲದೆ ತಳ್ಳಿದರೂ ವೇಗ ತೋರಿಸುತ್ತದೆ.

ಹೊಸ ಪರದೆಯನ್ನು ಕಂಪನಿಯ ಮೀಟರ್ ಕಿತ್ತು ಅದರ ಜಾಗದಲ್ಲಿ ಕೂರಿಸುವುದು ಜಾಣತನವಲ್ಲ, ಕಾನೂನಿಗೂ ಸರಿಹೋಗದು; ಪಕ್ಕದಲ್ಲಿ ಇನ್ನೊಂದಾಗಿ ಇಡಬೇಕು. ಹಾಗೆ ಎರಡನ್ನೂ ಒಟ್ಟಿಗೆ ಓಡಿಸಿದವರಿಗೆ ಮೊದಲ ದಿನವೇ ಒಂದು ಅಚ್ಚರಿ ಕಾದಿರುತ್ತದೆ: ಎರಡೂ ಒಂದೇ ಮಾತು ಹೇಳುವುದಿಲ್ಲ. ಸ್ಪೀಡೋಮೀಟರಿಗೆ ವಿಶ್ವಸಂಸ್ಥೆಯ 39ನೆಯ ನಿಯಮಾವಳಿ ಇದೆ. ಅದರ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಕೂಡದು. ಹೆಚ್ಚು ತೋರಿಸಲು ಮಾತ್ರ ನೂರಕ್ಕೆ ಹತ್ತು, ಮೇಲೆ ನಾಲ್ಕು ಕಿಲೋಮೀಟರ್ ವಿನಾಯಿತಿ. ನಿಜವಾಗಿ 100ರಲ್ಲಿ ಹೋಗುವ ಕಾರಿನ ಮೀಟರ್ 114 ಎಂದರೂ ಅದು ನಿಯಮಕ್ಕೆ ಬದ್ಧವೇ. ಆದ್ದರಿಂದ ತಯಾರಕರು ಬೇಕೆಂದೇ ಸ್ವಲ್ಪ ಮುಂದಿಟ್ಟಿರುತ್ತಾರೆ. ಒಬಿಡಿ ಬೈಟಿಗೆ ಈ ಹಂಗಿಲ್ಲ, ಎಷ್ಟೋ ಕಾರುಗಳಲ್ಲಿ ಅದು ನಿಜಕ್ಕೆ ಇನ್ನಷ್ಟು ಹತ್ತಿರ. ಸಾಲದೆಂದು ಪೈಗೆ ಒಂದು ಜಿಪಿಎಸ್ ತುಂಡು ಸಿಕ್ಕಿಸಿದರೆ, 20,200 ಕಿಲೋಮೀಟರ್ ಎತ್ತರದಲ್ಲಿ ಗಂಟೆಗೆ ಹದಿನಾಲ್ಕು ಸಾವಿರ ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕನಿಷ್ಠ ನಾಲ್ಕು ಉಪಗ್ರಹಗಳನ್ನು ಕೇಳಿಸಿಕೊಂಡು ಅದು ಮೂರನೆಯ ಸಂಖ್ಯೆ ಕೊಡುತ್ತದೆ. ಅವುಗಳ ಸಂಕೇತ ಕೆಳಗೆ ಬರುವಷ್ಟರಲ್ಲಿ ಕಾರು ಎರಡು ಮೀಟರಿನಷ್ಟು ಮುಂದಕ್ಕೆ ಹೋಗಿರುತ್ತದೆ. ಕಂಪನಿ ಮೀಟರಿನಲ್ಲಿ 104, ಬೈಟಿನಲ್ಲಿ 100, ಜಿಪಿಎಸ್‌ನಲ್ಲಿ 99 ಎಂದಿಟ್ಟುಕೊಳ್ಳಿ. ಕಂಬದ ಮೇಲಿನ ಪೊಲೀಸ್ ಕ್ಯಾಮೆರಾ ಈ ಮೂರರಲ್ಲಿ ಯಾವುದನ್ನೂ ಕೇಳುವುದಿಲ್ಲ. ಮೊಬೈಲಿಗೆ ಬರುವ ನೋಟಿಸಿನಲ್ಲಿರುವುದು ಅದರದೇ ನಾಲ್ಕನೆಯ ಲೆಕ್ಕ.