ಹೆಣ್ಣುಮಕ್ಕಳಿಗೆ ಕೆಲಸ ಸಾಕು, ಜವಾಬ್ದಾರಿ ಕೊಡೋಣ

ನಮ್ಮ ಚಿತ್ರದುರ್ಗದ ಕಡೆ ಬೆದ್ದಲು ರೈತರ ಮನೆಯಲ್ಲಿ ಹೆಣ್ಣುಮಗಳಿಗೆ ಹನ್ನೆರಡು ತುಂಬಿತೆಂದರೆ ಕೆಲಸಕ್ಕೇನೂ ಬರ ಇಲ್ಲ. ನೀರು ತರೋದು, ಕೊಟ್ಟಿಗೆ ಬಾಚೋದು, ತಮ್ಮನನ್ನು ನೋಡ್ಕೊಳ್ಳೋದು, ಶೇಂಗಾ ಬಿಡಿಸೋದು. ಇದನ್ನೇ ನಾವು 'ಮಗಳಿಗೆ ಬಲು ಜವಾಬ್ದಾರಿ' ಅಂತ ಹೊಗಳುತ್ತೇವೆ. ಹೇಳಿದ್ದನ್ನು ಮಾಡೋದು ಕೆಲಸ. ತಾನೇ ನೋಡಿ, ಲೆಕ್ಕ ಹಾಕಿ, ತೀರ್ಮಾನ ಮಾಡಿ, ನಾಲ್ಕು ಜನರೆದುರು ಉತ್ತರ ಹೇಳೋದು ಜವಾಬ್ದಾರಿ. ಮೊದಲನೆಯದು ಹೆಣ್ಣುಮಕ್ಕಳಿಗೆ ಅತಿಯಾಗಿದೆ. ಎರಡನೆಯದನ್ನು ಕಲಿಸೋದು ತಂದೆ ತಾಯಿ ಕೈಯಲ್ಲಿದೆ.

ಬೀಜದಿಂದ ಶುರು

ನಮ್ಮ ಮಗಳು ಎಂಟನೇ ಕ್ಲಾಸಿಗೆ ಬಂದಾಗ ಮನೆಯ ಬೀಜದ ಉಸ್ತುವಾರಿ ಅವಳಿಗೆ ವಹಿಸಿದೆವು. ಬೀಜಕ್ಕೆ ತೆನೆ ಆರಿಸೋದು ಅವರವ್ವನ ಜೊತೆ. ಬಿತ್ತನೆಗೆ ಮುಂಚೆ ನೂರು ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವು ಅಂತ ಪುಸ್ತಕದಲ್ಲಿ ಬರೆಯೋದು ಅವಳೊಬ್ಬಳದೇ. ತೊಗರಿಯಾದರೆ ನೂರಕ್ಕೆ 75 ಆದರೂ ಮೊಳೆಯಬೇಕು. ಒಂದು ವರ್ಷ 62 ಬಂತು. 'ಅಪ್ಪಾ, ಈ ಬೀಜ ಬೇಡ' ಅಂದಳು. ಅವಳ ಮಾತಿನಂತೆ ಬೇರೆ ಬೀಜ ತಂದು ಬಿತ್ತಿದೆವು.

ಮಗುವಿನ ಮಾತು ಒಂದು ಸಲ ನಡೆದರೆ ಮುಂದಿನ ಸಲ ಅದು ಇನ್ನೂ ಹುಷಾರಾಗಿ ನೋಡುತ್ತದೆ. 'ನಿನಗೇನು ಗೊತ್ತು, ಸುಮ್ನಿರು' ಅಂದರೆ ಅಲ್ಲಿಗೆ ಮುಗೀತು. ನೆರೆಯವರು ಬೀಜ ಕೇಳಿಕೊಂಡು ಬಂದಾಗಲೂ ಕೊಡೋದು ಅವಳೇ, ಸುಗ್ಗಿಯಲ್ಲಿ ವಾಪಸ್ ಬಂದದ್ದನ್ನು ಬರೆದಿಡೋದೂ ಅವಳೇ. ಯಾರಿಗೆ ಕಷ್ಟ ಇದೆ, ಯಾರಿಗೆ ಕೇಳೋಕೆ ಸಂಕೋಚ ಅನ್ನೋದು ಆ ಪುಸ್ತಕದಿಂದಲೇ ಅವಳಿಗೆ ತಿಳಿಯಿತು.

ಮನೆಯಿಂದ ಊರಿಗೆ

2019ರಲ್ಲಿ ಶುರುವಾದ ಜಲಜೀವನ ಮಿಷನ್ನಿನಲ್ಲಿ ಪ್ರತಿ ಊರಿನ ಐದು ಹೆಂಗಸರಿಗೆ ನೀರಿನ ಪರೀಕ್ಷೆ ಕಲಿಸಬೇಕು ಅಂತಿದೆ. ನಮ್ಮೂರಲ್ಲಿ ಕಲಿತವರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಅವಳು ನೀರಿಗೆ ಔಷಧಿ ಬೆರೆಸಿ ಬಣ್ಣ ಹೋಲಿಸಿದರೆ, ಮಗಳು ತಾರೀಖು ಹಾಕಿ ಬರೆಯುತ್ತಿದ್ದಳು. ನಮ್ಮ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡಿನ ಕಾಟ ಹಳೆಯದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದು ಬರುತ್ತದೆ, ಇನ್ನೂ ಹೆಚ್ಚಾದರೆ ಮೂಳೆ ಬಿಗಿಯುತ್ತದೆ. ಶಾಲೆ ಪಕ್ಕದ ಬೋರಿನಲ್ಲಿ ಮೂರು ಸಲವೂ ಹೆಚ್ಚೇ ಬಂತು.

ನಮ್ಮ ರಾಜ್ಯದ ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮಸಭೆ ಅಂತ ಒಂದಿದೆ. ಅಲ್ಲಿ ಮಕ್ಕಳೇ ಪ್ರಶ್ನೆ ಕೇಳಬಹುದು, ಪಂಚಾಯ್ತಿ ಉತ್ತರ ಕೊಡಬೇಕು. ಹೋಗುವ ಮುಂಚೆ ಮಗಳಿಗೆ ಮೂರೇ ಮಾತು ಹೇಳಿದೆ: ಏನು ಕಂಡೆ ಅದನ್ನು ಹೇಳು, ಯಾವತ್ತು ಎಲ್ಲಿ ಅಂತ ಹೇಳು, ಏನಾಗಬೇಕು ಅಂತ ಕೇಳು. ಯಾರನ್ನೂ ಬಯ್ಯಬೇಡ. ಅವಳು ಪುಸ್ತಕ ನೋಡಿ ಓದಿದಳು. ನಾನು ಹಿಂದೆ ಕೂತು ಬಾಯಿ ಮುಚ್ಚಿಕೊಂಡಿದ್ದೆ, ಅದೇ ಕಷ್ಟದ ಕೆಲಸ. ನೀರು ಲ್ಯಾಬಿಗೆ ಹೋಯಿತು. ತಿಂಗಳ ಮೇಲೆ ಆ ಬೋರಿಗೆ 'ಕುಡಿಯಲು ಯೋಗ್ಯವಲ್ಲ' ಅಂತ ಬೋರ್ಡು ಬಿತ್ತು.

ಜೊತೆಗೆ ನಿಲ್ಲಬೇಕಾದಾಗ

ಹತ್ತನೇ ಕ್ಲಾಸಿನಲ್ಲಿ ಅವಳ ಗೆಳತಿಯೊಬ್ಬಳಿಗೆ ಮದುವೆ ಗೊತ್ತಾಯ್ತು. ಮಗಳು ಬಂದು ನಮಗೆ ಹೇಳಿದಳು. 'ಅವರ ಮನೆ ವಿಚಾರ ನಮಗ್ಯಾಕೆ' ಅನ್ನೋದು ಸುಲಭವಿತ್ತು. ಹಾಗಂದಿದ್ದರೆ ಎರಡು ವರ್ಷ ಕಲಿಸಿದ್ದೆಲ್ಲ ಒಂದೇ ಮಾತಿಗೆ ಹೋಗ್ತಿತ್ತು. ನಾವಿಬ್ಬರೂ ಮೇಷ್ಟ್ರ ಜೊತೆ ಆ ಮನೆಗೆ ಹೋದೆವು. ಅವರಿಗೂ ಸಾಲ, ಮಳೆ ಕೈಕೊಟ್ಟಿತ್ತು, ಒಂದು ಊಟ ಕಮ್ಮಿಯಾಗಲಿ ಅಂತ ಒಪ್ಪಿದ್ದರು. ಕಾನೂನು ಏನನ್ನುತ್ತೆ ಅಂತ ಮೇಷ್ಟ್ರು ಬಿಡಿಸಿ ಹೇಳಿದರು. 2006ರ ಕಾಯ್ದೆಗೆ ನಮ್ಮ ರಾಜ್ಯ 2016ರಲ್ಲಿ ಮಾಡಿದ ತಿದ್ದುಪಡಿ ಪ್ರಕಾರ, ಹುಡುಗಿಗೆ 18 ತುಂಬುವ ಮುಂಚೆ ಆದ ಮದುವೆ ಮೊದಲಿಂದಲೇ ಅಸಿಂಧು. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲಾದರೂ ಕಾಸಿಲ್ಲದೆ ಫೋನು ಮಾಡಬಹುದು.

ಮದುವೆ ನಿಂತಿತು, ಹುಡುಗಿ ಪರೀಕ್ಷೆ ಬರೆದಳು. ಆ ಮನೆಯವರು ಎರಡು ಮುಂಗಾರು ನಮ್ಮ ಹೊಲಕ್ಕೆ ಮುಯ್ಯಾಳು ಬರಲಿಲ್ಲ. ಇದನ್ನೂ ಮಗಳಿಗೆ ಮುಚ್ಚಿಡಲಿಲ್ಲ. ಜವಾಬ್ದಾರಿಗೆ ಬೆಲೆ ಇರುತ್ತೆ, ಅದನ್ನು ಅಪ್ಪ ಅವ್ವ ಜೊತೆಗೆ ನಿಂತು ಕೊಡ್ತಾರೆ ಅನ್ನೋದು ಅವಳಿಗೆ ಗೊತ್ತಿರಲಿ.

ರೈತ ಬಂಧುಗಳೇ, ಇಷ್ಟು ಮಾಡಿ ನೋಡಿ. ಮನೆಯ ಒಂದು ವಿಚಾರ ಪೂರ್ತಿ ಮಗಳಿಗೆ ಬಿಡಿ, ಬೀಜವೋ ಹಾಲಿನ ಲೆಕ್ಕವೋ ಯಾವುದಾದರೂ ಸರಿ. ಅದಕ್ಕೆ ಹೊತ್ತು ಸಿಗಬೇಕಾದರೆ ಅವಳ ಕೊಡದಲ್ಲಿ ಅರ್ಧ ಮಗನ ಹೆಗಲಿಗೆ ಹೋಗಬೇಕು. ಮಕ್ಕಳ ಗ್ರಾಮಸಭೆ ಯಾವಾಗ ಅಂತ ಪಂಚಾಯ್ತಿಯಲ್ಲಿ ಕೇಳಿ, ಕಳಿಸಿ. ನೀವೂ ಗ್ರಾಮಸಭೆ ತಪ್ಪಿಸಬೇಡಿ. ನಾವು ಕಟ್ಟೆಯ ಮೇಲೆ ಕೂತು ಊರನ್ನು ಬಯ್ಯುತ್ತಿದ್ದರೆ ಮಕ್ಕಳೂ ಅದನ್ನೇ ಕಲೀತಾರೆ.