ಅಂಕವುಂಟು, ಪತ್ತಿಲ್ಲ

ಚನ್ನಗಿರಿ, ಹೊನ್ನಾಳಿಗಳ ಹಳ್ಳಿಗಳಲ್ಲಿ ಸೊಸೈಟಿಯ ಬಾಗಿಲ ಮೇಲೆ ‘ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ’ ಎಂಬ ಫಲಕ ಇಂದಿಗೂ ತೂಗುತ್ತದೆ. ಅದರ ಕೆಳಗೆ ದಿನವೂ ಓಡಾಡುವ ತರುಣರಲ್ಲಿ ‘ಪತ್ತು’ ಎಂದರೇನೆಂದು ಯೋಚಿಸಿದವರು ವಿರಳ. ಒಬ್ಬನ ಮಾತಿಗೆ ಊರಿನಲ್ಲಿರುವ ಬೆಲೆ, ಅವನ ಮನೆತನದ ನಡತೆ, ಹೊಲದ ಫಲ, ಕಷ್ಟಕಾಲದಲ್ಲಿ ಅವನ ಬೆನ್ನಿಗೆ ನಿಲ್ಲುವ ಜನ, ಇವೆಲ್ಲವೂ ಕೂಡಿ ಹುಟ್ಟುವ ವಿಶ್ವಾಸಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಅದು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದಾಗ, ಸಾಲ ಕೊಡುವವನಿಗೂ ಪಡೆಯುವವನಿಗೂ ಪರಸ್ಪರ ಮುಖಪರಿಚಯವಿತ್ತು. ಈಗ ಆ ಪರಿಚಯದ ಸ್ಥಾನಕ್ಕೆ 300ರಿಂದ 900ರವರೆಗಿನ ಒಂದು ಸಂಖ್ಯೆ ಬಂದು ಕುಳಿತಿದೆ. ಅಂಕ ಕೊಡುವ ಸಂಸ್ಥೆಗಳು ದೇಶದಲ್ಲಿ ನಾಲ್ಕಿದ್ದರೂ, 2000ದಲ್ಲಿ ಮೊದಲು ಹುಟ್ಟಿದ ‘ಸಿಬಿಲ್’ ಎಂಬುದರ ಹೆಸರೇ ಜನರ ಬಾಯಲ್ಲಿ ಎಲ್ಲದಕ್ಕೂ ನಿಂತುಬಿಟ್ಟಿತು.

ಜಗಳೂರಿನ ಕಡೆಯ ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ. ವಯಸ್ಸು ಇಪ್ಪತ್ತನಾಲ್ಕು, ಕಂತಿನ ಮೇಲೆ ಒಂದು ಮೊಬೈಲು ಕೊಂಡು, ತಿಂಗಳಿಗೆ ಸಾವಿರದ ಐನೂರರಂತೆ ಒಂದು ಸಲವೂ ತಪ್ಪದೆ ಕಟ್ಟಿ ಮುಗಿಸಿದ್ದಾನೆ. ಮೊಬೈಲಿನಲ್ಲಿಯೇ ನೋಡಿದರೆ ಅಂಕ 760. ಆ ಧೈರ್ಯದಿಂದ ಸರಕು ಸಾಗಿಸುವ ಗಾಡಿಗೆಂದು ಹತ್ತು ಲಕ್ಷದ ಸಾಲ ಕೇಳಲು ಹೋದರೆ, ಬ್ಯಾಂಕಿನವರು ಕಾಗದಗಳನ್ನು ತಿರುವಿಹಾಕಿ ಆಗುವುದಿಲ್ಲವೆಂದು ಹಿಂದಕ್ಕೆ ಕೊಡುತ್ತಾರೆ. ಹುಡುಗನಿಗೆ ಇದು ಅನ್ಯಾಯವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಆ ಅಂಕ ಹೇಳುವುದಾದರೂ ಏನು? ಪಡೆದ ಸಾಲವನ್ನು ಅವನು ನಿಷ್ಠೆಯಿಂದ ತೀರಿಸಿದನೆಂಬುದನ್ನು ಮಾತ್ರ. ಆ ಸಾಲ ಎಷ್ಟು ಚಿಕ್ಕದು, ಅವನ ವರಮಾನವೆಷ್ಟು, ತಿಂಗಳಿಗೆ ಇಪ್ಪತ್ತು ಸಾವಿರ ದಾಟುವ ಕಂತನ್ನು ಹೊರುವ ಶಕ್ತಿ ಅವನಿಗುಂಟೆ ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ವರಮಾನವೆಂಬುದು ಅಂಕದ ಲೆಕ್ಕಕ್ಕೆ ಸೇರುವುದೇ ಇಲ್ಲ ಎಂಬುದು ಅನೇಕರಿಗೆ ತಿಳಿಯದ ಸಂಗತಿ.

ವರಮಾನದ ವಿಚಾರಕ್ಕೆ ಬಂದರೆ ನಮ್ಮ ಸೀಮೆಯ ತೊಡಕು ಇನ್ನೂ ದೊಡ್ಡದು. ಜಗಳೂರಿನ ಮೆಕ್ಕೆಜೋಳ ಮಳೆಯನ್ನು ನಂಬಿದ ಬೆಳೆ. ಹಣ ಬಂದರೆ ವರ್ಷಕ್ಕೊಮ್ಮೆ, ಆದರೆ ಕಂತು ತಿಂಗಳು ತಿಂಗಳೂ ಬಾಗಿಲು ಬಡಿಯುತ್ತದೆ. ಚನ್ನಗಿರಿಯಲ್ಲಿ ಅಡಕೆಯಿಂದ ಕೈತುಂಬ ಹಣ ಬರುವುದುಂಟು. ಆದರೂ ತೋಟವನ್ನು ಖೇಣಿಗೆ ಕೊಟ್ಟು ನಗದಾಗಿ ಪಡೆದ ಮೊತ್ತಕ್ಕೆ ಬ್ಯಾಂಕಿನ ಪುಸ್ತಕದಲ್ಲಿ ಸಾಕ್ಷ್ಯವಿಲ್ಲ. ಅದೇ ಅಡಕೆಯನ್ನು ತುಮ್ಕೋಸ್‌ನಂಥ ಸಹಕಾರ ಸಂಘದ ಮೂಲಕ ಮಾರಿದವನ ಕೈಯಲ್ಲಿ ಒಂದು ಪಟ್ಟಿಯಾದರೂ ಇರುತ್ತದೆ. ಜಮೀನನ್ನು ತೋರಿಸೋಣವೆಂದರೆ ಪಹಣಿಯಲ್ಲಿರುವುದು ತೀರಿಹೋದ ಅಜ್ಜನ ಹೆಸರು. ಪೌತಿ ಖಾತೆ ಮಾಡಿಸಲು ಅಪ್ಪನಿಗೂ ಚಿಕ್ಕಪ್ಪಂದಿರಿಗೂ ಇನ್ನೂ ಒಮ್ಮತ ಬಂದಿಲ್ಲ. ಆದುದರಿಂದ ನೇಗಿಲು ಹಿಡಿಯುವ ಹುಡುಗ ಕಾಗದದ ಮೇಲೆ ಭೂಹೀನ. ನನ್ನ ಮಟ್ಟಿಗೆ, ಈ ಭಾಗದ ತರುಣರಿಗೆ ಸಿಬಿಲ್ಲಿಗಿಂತ ಹೆಚ್ಚಾಗಿ ಅಡ್ಡಬರುವುದು ಈ ಪಹಣಿಯೇ.

ಮನೆಯವರ ಹಳೆಯ ಬಾಕಿಯೂ ಮಗನ ದಾರಿಗೆ ಅಡ್ಡ ನಿಲ್ಲುವುದುಂಟು. ತಂದೆ ಜೊತೆ ಸಾಲಗಾರನಾಗಿ ಸಹಿ ಮಾಡಬೇಕಾದಾಗ, ಎಂದೋ ಒಂದು ಬರಗಾಲದಲ್ಲಿ ಬ್ಯಾಂಕಿನೊಡನೆ ರಾಜಿ ಮಾಡಿಕೊಂಡು ಕಡಿಮೆ ಮೊತ್ತಕ್ಕೆ ತೀರಿಸಿದ ಸಾಲವು, ‘ಮುಗಿಯಿತು’ ಎಂದು ಅವನು ನೆಮ್ಮದಿಯಾಗಿದ್ದರೂ, ವರದಿಯಲ್ಲಿ ಪೂರ್ಣ ಪಾವತಿಯೆಂದು ಬರದೆ ‘ಸೆಟಲ್ಡ್’ ಎಂಬ ಹಣೆಬರಹವನ್ನು ಹೊತ್ತಿರುತ್ತದೆ. ಇನ್ನು ಗೆಳೆಯನ ಬೈಕಿಗೆ ಹುಡುಗ ತಾನೇ ಹಾಕಿದ ಜಾಮೀನು, ಒಂದೇ ವಾರದಲ್ಲಿ ಐದಾರು ಆ್ಯಪುಗಳಲ್ಲಿ ಸಾಲಕ್ಕೆ ಒತ್ತಿದ ಗುಂಡಿ, ಆಧಾರಿನಲ್ಲೊಂದು ಪ್ಯಾನಿನಲ್ಲೊಂದು ಹೆಸರಿನ ಕಾಗುಣಿತ: ಇವುಗಳನ್ನು ಹೇಳಿ ಮುಂದೆ ಹೋದರೆ ಸಾಕು.

ಕಾರಣ ಕೆಲವೊಮ್ಮೆ ಸಾಲ ಕೇಳಿದವನಲ್ಲಿ ಇರುವುದೇ ಇಲ್ಲ. 2023ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು, ಅಡಮಾನವಿಲ್ಲದ ವೈಯಕ್ತಿಕ ಸಾಲಗಳು ಮಿತಿಮೀರಿ ಬೆಳೆಯುತ್ತಿವೆಯೆಂದು ಎಚ್ಚರಗೊಂಡು, ಅವುಗಳ ಅಪಾಯದ ತೂಕವನ್ನು ಶೇಕಡಾ 100ರಿಂದ 125ಕ್ಕೆ ಏರಿಸಿತು. ಅಂದರೆ ಅಂಥ ಸಾಲ ಕೊಟ್ಟಾಗ ಬ್ಯಾಂಕು ತನ್ನ ಸ್ವಂತ ಬಂಡವಾಳವನ್ನು ಹಿಂದಿಗಿಂತ ಹೆಚ್ಚಾಗಿ ತೆಗೆದಿರಿಸಬೇಕು. ಮುಂಬಯಿಯಲ್ಲಿ ಬಿಗಿದ ಈ ಹಗ್ಗದ ಎಳೆತ ಹೊನ್ನಾಳಿಯ ಕೌಂಟರಿನವರೆಗೂ ಮುಟ್ಟುತ್ತದೆ. ಆದರೆ ಸಾಲ ನಿರಾಕರಿಸಿದಾಗ ಮುಖ್ಯ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂಬ ನಿಯಮವೂ ಅದೇ ರಿಸರ್ವ್ ಬ್ಯಾಂಕಿನದು. ಕೇಳುವವರು ಕಡಿಮೆ, ಕೇಳದೆ ಕೊಡುವವರು ಇನ್ನೂ ಕಡಿಮೆ. ವರ್ಷಕ್ಕೊಮ್ಮೆ ಅಂಕ ಕೊಡುವ ಪ್ರತಿಯೊಂದು ಸಂಸ್ಥೆಯಿಂದಲೂ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ಅದರಲ್ಲಿಯ ತಪ್ಪಿನ ಬಗ್ಗೆ ಕೊಟ್ಟ ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ, ಅನಂತರದ ದಿನವೊಂದಕ್ಕೆ 100 ರೂಪಾಯಿಯಂತೆ ಪರಿಹಾರವೂ ಉಂಟು. ಹಿಂದೆ ಸಾಲವನ್ನೇ ಮಾಡಿಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಸಲ ಬಂದವರ ಅರ್ಜಿಯನ್ನು ತಳ್ಳಿಹಾಕಕೂಡದೆಂದು ರಿಸರ್ವ್ ಬ್ಯಾಂಕಿನ 2025ರ ಜನವರಿಯ ನಿರ್ದೇಶನ ಹೇಳಿತು.

ನ್ಯಾಮತಿಯ ಸ್ಟೇಟ್ ಬ್ಯಾಂಕಿನಲ್ಲಿ 2024ರ ಅಕ್ಟೋಬರಿನಲ್ಲಿ ನಡೆದ ಕಳವನ್ನು ಈ ಸೀಮೆಯವರು ಮರೆತಿಲ್ಲ. ತಿಜೋರಿಯಿಂದ ಹೋದದ್ದು ಸುಮಾರು 17 ಕಿಲೋ ಚಿನ್ನ. ತಿಂಗಳುಗಳ ಮೇಲೆ ಮಧುರೆಯ ಕಡೆಯ ಬಾವಿಯೊಂದರಿಂದ ಅದನ್ನು ಮೇಲೆತ್ತಿದ ಪೊಲೀಸರು, ನ್ಯಾಮತಿಯಲ್ಲಿಯೇ ಅಂಗಡಿ ನಡೆಸುತ್ತಿದ್ದವನೊಬ್ಬನಿಗೆ ಆ ಬ್ಯಾಂಕಿನಲ್ಲಿ ಸಾಲ ಸಿಗದೆ ಹೋದುದೇ ಕೃತ್ಯದ ಮೂಲವೆಂದರು. ಅವನಿಗೆ ಅಡ್ಡಬಂದದ್ದು ಕಡಿಮೆ ಅಂಕವಂತೆ. ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಮಾತ್ರ ಕಳ್ಳನಲ್ಲ, ಆ ಚಿನ್ನ. ಸುತ್ತಮುತ್ತಲ ಜನ ಅಡವಿಟ್ಟು ಸಾಲ ಪಡೆದ ಒಡವೆಗಳು ಅವು. ಅಡವಿನ ಸಾಲಕ್ಕೆ ಅಂಕವೇ ಮುಖ್ಯವಲ್ಲ, ಪಹಣಿಯನ್ನೂ ಸಂಬಳದ ಚೀಟಿಯನ್ನೂ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಒರೆಗಲ್ಲಿನ ಮೇಲೆ ಉಜ್ಜಿ, ತೂಕ ಮಾಡಿ, ಚೀಟಿ ಬರೆದುಕೊಡುತ್ತಾರೆ. 760 ಅಂಕದ ಹುಡುಗ ಮುಂದಿನ ವಾರ ತನಗೆ ಸಾಲ ನಿರಾಕರಿಸಿದ ಬ್ಯಾಂಕಿನ ಇನ್ನೊಂದು ಕಿಟಕಿಯ ಮುಂದೆ ನಿಂತಿರುತ್ತಾನೆ, ಪಕ್ಕದಲ್ಲಿ ಅವನ ತಾಯಿ, ಆಕೆಯ ಸೆರಗಿನ ಗಂಟಿನಲ್ಲಿ ಎರಡೆಳೆಯ ಸರ.