ತಂದಿಡುವ ಮನೆಯೋ, ಕಟ್ಟಿಸುವ ಮನೆಯೋ?

ಕಾರ್ಖಾನೆಯಲ್ಲಿ ಸಿದ್ಧಪಡಿಸಿ ಲಾರಿಯ ಮೇಲೆ ತಂದು ನಿಲ್ಲಿಸುವ ಮನೆಗಳು ಈಗ ದೊರೆಯುತ್ತಿರುವವು. ಮಂಠಾಳದ ಗೃಹಸ್ಥನು ಇದನ್ನು ಕೊಳ್ಳಬೇಕೋ, ಹಿರಿಯರಂತೆ ಕಲ್ಲುಮನೆಯನ್ನೇ ಕಟ್ಟಿಸಬೇಕೋ? ದಪ್ಪ ಗೋಡೆಯು ಬೇಸಗೆಯಲ್ಲಿ ತಂಪು. ಕೆಟ್ಟರೆ ಊರ ಗೌಂಡಿಯೇ ಸರಿಪಡಿಸುವನು. ತೆಳುತಗಡಿನ ಮನೆಯು ನಮ್ಮ ಬಿಸಿಲಿಗೆ ಕಾದ ಹಂಚಾದೀತು.

ಆದರೆ 1993ರ ಸೆಪ್ಟೆಂಬರ್ 30ರ ನಸುಕನ್ನು ನಾವು ಮರೆಯಲಾರೆವು. ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ, ಮಲಗಿದ್ದ ಸಾವಿರಾರು ಜನರು ಭೂಕಂಪದಲ್ಲಿ ಮಡಿದುದು ಬಹುಮಟ್ಟಿಗೆ ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಗಳೂ ಭಾರವಾದ ಮಣ್ಣುಮಾಳಿಗೆಗಳೂ ಮೈಮೇಲೆ ಕುಸಿದುದರಿಂದ.

ಹಗುರ ಛಾವಣಿ, ಬಿಗಿಯಾದ ಕಟ್ಟು—ಸಿದ್ಧಮನೆಯ ಈ ಗುಣಗಳನ್ನು ನಮ್ಮ ಮನೆಗೂ ತರಬಹುದು. ಗೋಡೆಯ ಎರಡೂ ಮೈಗಳನ್ನು ಹಿಡಿಯುವ ಉದ್ದಗಲ್ಲುಗಳೂ, ಬಾಗಿಲ ಮೇಲ್ಮಟ್ಟದಲ್ಲಿ ನಾಲ್ಕೂ ಗೋಡೆಗಳನ್ನು ಸುತ್ತುವ ಸರಳು ಹಾಕಿದ ಕಾಂಕ್ರೀಟು ಪಟ್ಟಿಯೂ ಬೇಕು. ಈ ವೆಚ್ಚಕ್ಕೆ ಹಿಂಜರಿಯದವನಿಗೆ ಕಟ್ಟಿಸಿದ ಮನೆಯೇ ಮೇಲೆಂಬುದು ನಮ್ಮ ಮತವು. ಹಿಂಜರಿಯುವವನಿಗೆ ತಗಡಿನ ಸೆಕೆಯೇ ಲೇಸು.